ಪೆಪ್ಪರ್‌ಮಿಂಟ್ ಡಬ್ಬಿಯ ಬಳೆಚೂರು

ಕಾಪು,
ತಾ. ೮-೧೨-೧೯೬೩, ಆದಿತ್ಯವಾರ

ಪ್ರೀತಿಯ ಮಗಳು ಲಿಡ್ವಿನ್‌ಗೆ,

ಕೊಟ್ಟ ಮಾತುಗಳನ್ನು ಮೊದಲು ಬರೆಯುತ್ತೇನೆ, ಕುಶಲ ಆಮೇಲೆ ಕೇಳುತ್ತೇನೆ. ನಿನ್ನ ಮಾವ, ನನ್ನ ತಮ್ಮ ಅಲೆಕ್ಸಾಂಡರ್, ನಿನ್ನನ್ನು ಬೊಂಬಾಯಿಗೆ ಕರೆದುಕೊಂಡು ಹೋಗುವ ದಿನ ಇಲ್ಲಿಯ ಬಸ್ ಸ್ಟ್ಯಾಂಡಿನಲ್ಲಿ ನಿನ್ನ ಟ್ರಂಕಿನ ಮೇಲೆ ಕೈಯಿಟ್ಟು ಹೇಳಿದ: ಪ್ರತಿ ಕ್ರಿಸ್ಮಸ್‌ಗೆ ಹುಡುಗಿಯನ್ನು ಊರಿಗೆ ಕಳಿಸುತ್ತೇನೆ. ನಾಲ್ಕು ಕ್ರಿಸ್ಮಸ್‌ಗಳಲ್ಲಿ ನೀನು ಬಂದದ್ದು ಒಂದಕ್ಕೆ. ಮದುವೆಯ ಕರೆ ನನ್ನ ಕೈಯ ಕಾರ್ಡಿನಲ್ಲೇ ಹೋಗಬೇಕು ಎಂದು ಬರೆದವಳು ನೀನು. ಆ ಅರುವತ್ತು ಕಾರ್ಡುಗಳು ಈಗ ನಿನ್ನ ಮಾವನ ಹೆಂಡತಿ ಐರಿನಳ ಟ್ರಂಕಿನಲ್ಲಿ ಬೀಗ ಹಾಕಿಸಿಕೊಂಡು ಮಲಗಿವೆ. ಮದುವೆಯ ಮುನ್ನಾದಿನ, ರೋಸಿನ ಹೊತ್ತಿಗೆ, ನಿನ್ನ ತಲೆಗೆ ಮೊದಲ ತೆಂಗಿನಹಾಲು ಅಮ್ಮನ ಕೈಯಿಂದಲೇ ಬೀಳುವುದು ಎಂದು ಮಾವನೂ ಹೇಳಿದ್ದ, ನೀನೂ ಹೇಳಿದ್ದೆ. ಈಗ ಐರಿನ್ ಬರೆಯುತ್ತಾಳೆ: "ವಿಧವೆಯ ಕೈ ಮೊದಲು ಬೀಳುವುದು ಚೆಂದವಲ್ಲ ಬಾಯಿ, ನೀವು ಆ ಹೊತ್ತಿಗೆ ಒಳಗೆ ಅಡುಗೆಮನೆಯಲ್ಲಿ ಇದ್ದರೆ ಸಾಕು." ನನ್ನ ಅಂಗಳ, ನನ್ನ ಚಪ್ಪರ, ನಾನು ಹೆತ್ತ ಮಗಳು. ನಾನು ಮಾತ್ರ ಅಡುಗೆಮನೆಯಲ್ಲಿ.

ಆಯಿತು. ಈಗ ಹೇಳು, ನಿನ್ನ ಕೆಮ್ಮು ಹೇಗುಂಟು? ಟೈಪು ಹೊಡೆದು ಹೊಡೆದು ಬೆರಳ ತುದಿ ಮರಗಟ್ಟುತ್ತದೆ ಎಂದಿದ್ದೆಯಲ್ಲ, ಬಿಸಿನೀರಿಗೆ ಉಪ್ಪು ಹಾಕಿ ಅದ್ದು. ನಾನು ಗಟ್ಟಿ ಇದ್ದೇನೆ. ಕಾರ್ಖಾನೆಯಲ್ಲಿ ಹಂಚು ಹೊರುವ ಕೆಲಸ ಬಿಟ್ಟು ಈಗ ಒಣಗಿಸುವ ಕಡೆ ಹಾಕಿದ್ದಾರೆ, ಕುತ್ತಿಗೆ ನೋವು ಕಡಿಮೆಯಾಗಿದೆ. ನಿನ್ನ ಕಂದುಬೆಕ್ಕು ಮತ್ತೆ ಮರಿ ಹಾಕಿದೆ, ನಿನ್ನ ಹಳೆಯ ಶಾಲೆಯ ಚೀಲದೊಳಗೇ. ಓಡಿಸಲಿಲ್ಲ. ನೀನಿದ್ದರೆ ಓಡಿಸಲು ಬಿಡುತ್ತಿದ್ದೆಯಾ?

ಕಾರ್ಡು ಮಾಡಿದ ದಿನಗಳನ್ನು ನಿನಗೆ ಹೇಳಬೇಕು, ಯಾಕೆಂದರೆ ಅಂಥ ದಿನಗಳು ನನಗೆ ಬಹಳ ವರ್ಷಗಳಿಂದ ಸಿಕ್ಕಿರಲಿಲ್ಲ. ನಮ್ಮ ಮಾಡಿನ ಒಂದು ಗಾಜಿನ ಹಂಚು ನಿನಗೆ ನೆನಪುಂಟಲ್ಲ. ಬೆಳಗ್ಗೆ ಹತ್ತಕ್ಕೆ ಅದರ ಬೆಳಕು ಬಾಗಿಲ ಹತ್ತಿರ ಬೀಳುತ್ತದೆ, ನೀರಿನ ಕೊಡದ ಮೇಲೆ. ಮಧ್ಯಾಹ್ನಕ್ಕೆ ನಡುಕೋಣೆಗೆ ಬರುತ್ತದೆ. ಮೂರು ಗಂಟೆಗೆ ನಿನ್ನ ಅಪ್ಪನ ಫೋಟೋದ ಕೆಳಗೆ ಹೋಗಿ ಗೋಡೆ ಹತ್ತುತ್ತದೆ. ನಾನು ಮಣೆಯನ್ನು ಆ ಬೆಳಕಿನ ಹಿಂದೆ ಹಿಂದೆ ಎಳೆದುಕೊಂಡು ಹೋಗುತ್ತಿದ್ದೆ. ಬೆಳಕಿನಲ್ಲೇ ಮಾಡಬೇಕು, ನೆರಳಲ್ಲಿ ಗಾಜಿನ ಪುಡಿಯೂ ಮರಳೂ ಒಂದೇ. ಕಲ್ಲಿನಲ್ಲಿ ಬಟ್ಟೆ ಮುಚ್ಚಿ ಬಳೆಚೂರು ಕುಟ್ಟಿ, ಹಳೆಯ ಮಲ್ ಬಟ್ಟೆಯಲ್ಲಿ ಸೋಸಿದರೆ ಮೂರು ಬಗೆ ಸಿಗುತ್ತದೆ. ದಪ್ಪದ್ದು ಸಮುದ್ರದ ತೆರೆಗೆ. ನಡುವಿನದು ನಕ್ಷತ್ರಕ್ಕೆ. ಕೊನೆಗೆ ಬಟ್ಟೆಯ ಕೆಳಗೆ ಬೀಳುವ ಧೂಳು ಉಂಟಲ್ಲ, ಅದು ಬೆಳಕಿಗೆ. ಕಾರ್ಡಿನ ಮೇಲೆ ನಮ್ಮ ಕಡಲತೀರದ ದೀಪಸ್ತಂಭ ಬರೆದು, ಅದರ ತಲೆಯಿಂದ ಹೊರಡುವ ಬೆಳಕಿನ ದಾರಿಗೆ ಗೇರುಮರದ ಅಂಟು ಸವರಿ, ಆ ಧೂಳನ್ನು ಎರಡು ಬೆರಳಿನಿಂದ ಉದುರಿಸಿ ಮೆಲ್ಲಗೆ ಊದುತ್ತಿದ್ದೆ. ಅಂಟದ್ದು ಹಾರಿ ಹೋಗುತ್ತದೆ, ಅಂಟಿದ್ದು ಉಳಿಯುತ್ತದೆ. ಹಾರಿದ್ದು ಬಿಸಿಲಿನ ಕೋಲಿನಲ್ಲಿ ಬಹಳ ಹೊತ್ತು ಕೆಳಗಿಳಿಯದೆ ತೇಲುತ್ತಿತ್ತು. ಬಾಯಿಗೆ ಬಟ್ಟೆ ಕಟ್ಟಿಕೊಂಡು ನಾನು ಅದನ್ನು ನೋಡುತ್ತ ಕೂತೆ ಎಂದರೆ ಗಂಜಿ ಉಕ್ಕಿದ್ದೂ ಗೊತ್ತಾಗುತ್ತಿರಲಿಲ್ಲ. ಹಸಿರು ಗಾಳಿ ಎಂದರೆ ನೀನು ನಗುತ್ತೀ. ಆದರೆ ಮನೆಯೊಳಗೆ ಹಸಿರು ಗಾಳಿಯೇ ಇತ್ತು.

ದಪ್ಪ ಬಿಳಿ ಕಾಗದ ಮಣಿಪಾಲದಿಂದ ಬಂತು. ಅಲ್ಲಿ ಪ್ರೆಸ್ಸಿನಲ್ಲಿ ಕೆಲಸ ಮಾಡುವ ಚೆನ್ನಪ್ಪ ಕತ್ತರಿಸಿ ಎಸೆಯುವ ಅಂಚುಗಳನ್ನು ಒಟ್ಟುಮಾಡಿ ಕೊಟ್ಟ. ಅವನಿಗೆ ನನ್ನ ಅಕ್ಷರ ಗೊತ್ತು. ನಿನಗೂ ಗೊತ್ತು, ಐವತ್ತೇಳರಲ್ಲಿ ನಾವು ಹಂಚಿನ ಕಾರ್ಖಾನೆಯ ಹೆಂಗಸರು ಕಡಿಯಾಳಿಯಿಂದ ಮೆರವಣಿಗೆ ಹೊರಟಾಗ ಬೋರ್ಡು ಬರೆದವಳು ನಾನೇ ಅಲ್ವಾ. ಮಸಿಯ ಅಕ್ಷರ ದೂರಕ್ಕೆ ಕಾಣುವುದಿಲ್ಲ ಎಂದು ನನ್ನ ಜೊತೆ ಹಂಚು ಹೊರುವ ಬೇಬಿ ಗೊಣಗಿದಳು. ಆಗ ಒಡೆದ ಸೋಡಾ ಬಾಟಲಿ ಕುಟ್ಟಿ ಅಕ್ಷರದ ಮೇಲೆ ಅಂಟಿಸಿದ್ದೆ. "ಮಕ್ಕಳಿಗೆ ತೊಟ್ಟಿಲು, ನಮಗೆ ನೆರಳು" ಎಂಬ ಮಾತು ಮಧ್ಯಾಹ್ನದ ಬಿಸಿಲಿಗೆ ಎಷ್ಟು ಹೊಳೆಯಿತು ಎಂದರೆ ಮ್ಯಾನೇಜರ್ ಮಾಳಿಗೆಯಲ್ಲಿ ನಿಂತು ಕಣ್ಣಿಗೆ ಕೈ ಅಡ್ಡ ಹಿಡಿದ. "ನೋಡು, ಸಲಾಂ ಹೊಡೆಯುತ್ತಿದ್ದಾನೆ ಮಾರಾಯ್ತಿ!" ಎಂದು ಬೇಬಿ ಕೂಗಿದ್ದಕ್ಕೆ ರಸ್ತೆಯೆಲ್ಲ ನಕ್ಕಿತು. ತೊಟ್ಟಿಲು ಬಂತು. ನೆರಳು ಇನ್ನೂ ಬರಬೇಕು. ಹೊಳೆಯುವುದನ್ನು ನಾನು ಕಲಿತದ್ದು ಹಾಗೆ, ಬೇಡುವುದಕ್ಕಲ್ಲ, ಕೇಳುವುದಕ್ಕೆ.

ಈಗ ಆ ಡಬ್ಬಿಯ ವಿಷಯ. ನಿನಗೆ ಆಗ ಆರು ವರ್ಷ. ನಿನ್ನ ಅಪ್ಪ ರೊಸಾರಿಯೊವನ್ನು ಜ್ವರ ಒಂಬತ್ತೇ ದಿನದಲ್ಲಿ ತೆಗೆದುಕೊಂಡು ಹೋಯಿತು. ಶವದ ಪೆಟ್ಟಿಗೆ ಮುಚ್ಚುವ ಮೊದಲು ಅವರ ಅಕ್ಕ, ನಿನ್ನ ದೊಡ್ಡತ್ತೆ, ನನ್ನ ಎರಡೂ ಕೈ ಹಿಡಿದು ಪೆಟ್ಟಿಗೆಯ ಅಂಚಿಗೆ ಹೊಡೆದರು. ಮದುವೆಯಲ್ಲಿ ಸೋದರಮಾವ ತೊಡಿಸಿದ ಚೂಡೊ, ಹಸಿರು ಬಳೆಗಳು, ಒಮ್ಮೆಗೇ ಹೋದವು. ಯಾರಿಗೂ ಕಾಣಲಿಲ್ಲ, ಜನರ ಕಾಲುಗಳ ನಡುವೆ ನೀನು ಅಂಬೆಗಾಲಿಕ್ಕಿ ಹೋಗಿ ಚೂರು ಹೆಕ್ಕಿದೆ. ಬೆರಳು ಕೊಯ್ದುಕೊಂಡೆ. ಪೆಪ್ಪರ್‌ಮಿಂಟಿನ ತಗಡಿನ ಡಬ್ಬಿಗೆ ತುಂಬಿ ನನ್ನ ಮಡಿಲಲ್ಲಿಟ್ಟು, "ಮಾಂಯ್, ಅಳಬೇಡ, ದೊಡ್ಡವಳಾದ ಮೇಲೆ ನಾನು ಅಂಟಿಸಿಕೊಡುತ್ತೇನೆ" ಎಂದೆ. ನಿನಗೆ ನೆನಪುಂಟೋ ಇಲ್ಲವೋ. ನಾನು ಹದಿನಾರು ವರ್ಷ ಆ ಡಬ್ಬಿಯನ್ನು ಅಕ್ಕಿ ತುಂಬಿಡುವ ಮರದ ಕಲಬಿಯ ಹಿಂದೆ ಇಟ್ಟಿದ್ದೆ. ಅಲುಗಿಸಿದರೆ ಮೆಲ್ಲಗೆ ಮಾತಾಡುತ್ತಿತ್ತು. ಈ ಸಲ ನಿನ್ನ ಮದುವೆ ಗೊತ್ತಾದ ಸುದ್ದಿ ಬಂದ ದಿನ ತೆಗೆದೆ. ತೆರೆಗೂ ನಕ್ಷತ್ರಕ್ಕೂ ಬಳೆಗಾರ್ತಿ ಆಸಿಯಮ್ಮನ ಬುಟ್ಟಿಯಲ್ಲಿ ಒಡೆದು ಉಳಿದದ್ದನ್ನು ಹಾಕಿದೆ. ದೀಪಸ್ತಂಭದ ಬೆಳಕಿಗೆ ಮಾತ್ರ ಆ ಡಬ್ಬಿಯದು. ಅರುವತ್ತೂ ಕಾರ್ಡಿಗೆ ಸಾಕಾಯಿತು, ನನಗೆಂದು ಇಟ್ಟುಕೊಂಡ ಇನ್ನೊಂದಕ್ಕೂ ಆಯಿತು, ಒಂದು ಚಿಟಿಕೆ ಉಳಿಯಿತು ಕೂಡ.

ತಪ್ಪು ನನ್ನದೇ. ಅಷ್ಟು ಸಂತೋಷವಾಗಿತ್ತು, ಅದನ್ನೆಲ್ಲ ನಿನಗೆ ಬರೆದೆ. ಊರಿನ ಕಾಗದ ಬಂದರೆ ಬೊಂಬಾಯಿಯಲ್ಲಿ ಎಲ್ಲರನ್ನೂ ಕೂರಿಸಿ ಗಟ್ಟಿಯಾಗಿ ಓದುವುದು ನಮ್ಮವರ ಪದ್ಧತಿ ಎಂಬುದನ್ನು ಮರೆತೆ. ನಮ್ಮ ಊರಿನ ಮೌರಿಸ್ ಬಸ್ಸಿನಲ್ಲಿ ಕಾರ್ಡಿನ ಕಟ್ಟು ತಂದುಕೊಟ್ಟಾಗ ಐರಿನ್ ಅದನ್ನು ಕಿಟಕಿಗೆ ಹಿಡಿದು, "ಆಹಾ, ಅಂಗಡಿಯಲ್ಲೂ ಇಂಥದ್ದು ಸಿಗುವುದಿಲ್ಲ!" ಎಂದು ಕುಣಿದಳಂತೆ, ಊರಿಗೆ ಬಂದ ಮೇಲೆ ಅವನೇ ಹೇಳಿದ. ನನ್ನ ಕಾಗದ ಓದಿಸಿಕೊಂಡ ಮೇಲೆ ಅದೇ ಕೈ ತೊಳೆದುಕೊಂಡಳಂತೆ. ಶವದ ಪೆಟ್ಟಿಗೆಯ ಗಾಜು ಮದುವೆಯ ಮನೆಗೆ ಕೇಡು, ಬೆಳ್ಮಣ್ಣಿನ ಗಂಡಿನ ಕಡೆಯವರಿಗೆ ತಿಳಿದರೆ ಸಂಬಂಧವೇ ಮುರಿಯುತ್ತದೆ ಎಂದು ನನಗೆ ಬರೆದಳು. ಅವಳು ಕೆಟ್ಟವಳಲ್ಲ. ನಿನಗೆ ಟೈಫಾಯ್ಡ್ ಆದಾಗ ಹದಿನೆಂಟು ದಿನ ನಿನ್ನ ಹಣೆಗೆ ಒದ್ದೆಬಟ್ಟೆ ಹಾಕಿದವಳು ಅವಳು, ಅದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಆದರೆ ಹೆದರಿಕೆಯನ್ನು ದೇವರೆಂದು ಪೂಜಿಸುವವರ ಎದುರು ನಾನು ಮೊಣಕಾಲೂರುವುದಿಲ್ಲ.

ಆದ್ದರಿಂದ ಕಳೆದ ಗುರುವಾರ ರಜೆ ಹಾಕಿ ಬೆಳ್ಮಣ್ಣಿಗೆ ಹೋದೆ. ಯಾರನ್ನೂ ಕೇಳಲಿಲ್ಲ. ಕಾರ್ಕಳದ ಬಸ್ಸಿನಲ್ಲಿ ಕೂತು, ನನ್ನ ಹತ್ತಿರ ಉಳಿದಿದ್ದ ಒಂದೇ ಒಂದು ಕಾರ್ಡನ್ನು ಪ್ರಾರ್ಥನೆಯ ಪುಸ್ತಕದಲ್ಲಿಟ್ಟುಕೊಂಡು. ಕೊಯ್ಲು ಮುಗಿದ ಗದ್ದೆಗಳ ಮೇಲೆ ಬಿಸಿಲು ಮಲಗಿತ್ತು, ನನಗೆ ನಡುವೆ ಒಂದು ಜೋಂಪು ಹತ್ತಿ ನೀನು ಆರು ವರ್ಷದವಳಾಗಿ ಪಕ್ಕದಲ್ಲೇ ಕೂತ ಹಾಗೆ ಕಂಡಿತು, ಬೆರಳಿಗೆ ಬಟ್ಟೆ ಸುತ್ತಿಕೊಂಡು. ನಿನ್ನ ಇಮ್ಯಾನುಯೆಲನ ತಾಯಿ ಝೀಟಾ ಅಂಗಳದಲ್ಲಿ ಭತ್ತ ಹರಡುತ್ತಿದ್ದರು. ನಾನು ನೀರೂ ಕುಡಿಯದೆ ಕಾರ್ಡನ್ನು ಕೈಗೆ ಕೊಟ್ಟು, ಇದು ಯಾವ ಗಾಜು, ಎಲ್ಲಿ ಒಡೆದದ್ದು, ಯಾರು ಹೆಕ್ಕಿದ್ದು, ಎಲ್ಲ ಹೇಳಿದೆ. ಬೇಡವಾದರೆ ಈಗಲೇ ಹೇಳಿ ಎಂದೆ. ಅವರು ಕಾರ್ಡನ್ನು ಬಿಸಿಲಿಗೆ ಓರೆ ಮಾಡಿದರು. ಆ ಕಡೆ, ಈ ಕಡೆ. ದೀಪಸ್ತಂಭದ ಬೆಳಕು ಅವರ ಕೆನ್ನೆಯ ಮೇಲೆ ಒಂದು ಸಣ್ಣ ಹಸಿರು ಕಲೆಯಾಗಿ ಓಡಾಡಿತು. ಕಾರ್ಡಿನಿಂದ ಕಣ್ಣು ತೆಗೆಯದೆ, "ನನ್ನದು ಒಡೆದು ಹನ್ನೊಂದು ವರ್ಷ ಆಯ್ತು ವೆರೊನಿಕಾ ಬಾಯಿ. ಹೆಕ್ಕುವವರು ಯಾರೂ ಇರಲಿಲ್ಲ, ಮರುದಿನ ನಾನೇ ಗುಡಿಸಿ ತೆಂಗಿನ ಬುಡಕ್ಕೆ ಹಾಕಿದೆ" ಎಂದರು. ಅವರೂ ವಿಧವೆ ಎಂಬುದು ನನಗೆ ಗೊತ್ತಿತ್ತು. ಅದು ನನ್ನ ತಲೆಗೆ ಹೋದದ್ದು ಆಗಲೇ. ನಿಮ್ಮ ಮಗನ ರೋಸಿಗೆ ನೀವೆಲ್ಲಿ ನಿಲ್ಲುತ್ತೀರಿ ಎಂದು ಕೇಳಿದೆ. "ಮೈದುನಂದಿರು ಉಂಟು, ಅವರು ಹೇಳಿದ ಹಾಗೆ" ಎಂದರು. ಕಾಲಿನಿಂದ ಭತ್ತ ಸರಿಸುತ್ತ, "ನೀವು ಎಂತ ಮಾಡುತ್ತೀರೋ ನನಗೆ ಒಂದು ಪೋಸ್ಟ್ ಕಾರ್ಡು ಹಾಕಿ, ನೋಡುವ" ಎಂದರು. ನಾನು ತಂದ ಕಾರ್ಡನ್ನು ನನಗೆ ಹಿಂದೆ ಕೊಡಲಿಲ್ಲ. ಭತ್ತದ ಧೂಳಿನ ಕೈಯಲ್ಲೇ ರವಿಕೆಯೊಳಗೆ ಇಟ್ಟುಕೊಂಡರು.

ಆದ್ದರಿಂದ ಗಂಡಿನ ಮನೆಯ ಹೆಸರು ಹೇಳಿ ನನ್ನನ್ನು ಯಾರೂ ಹೆದರಿಸುವುದು ಬೇಡ. ನಾನು ಕೇಳುವುದು ಒಂದೇ. ರೋಸಿನ ದಿನ ಮೊದಲ ಹಾಲು ನನ್ನ ಕೈಯಿಂದ. ಕಾರ್ಡು ಟ್ರಂಕಿನಲ್ಲೇ ಕೊಳೆತರೂ ನಾನು ಜಗಳ ಮಾಡುವುದಿಲ್ಲ, ಗಾಜಿಗೆ ಗೆದ್ದಲು ಹಿಡಿಯುವುದಿಲ್ಲ. ಮಾವ ಏನು ಹೇಳುತ್ತಾನೆ, ಐರಿನ್ ಏನು ಹೇಳುತ್ತಾಳೆ ಎಂಬುದು ನನಗೆ ತಿಳಿದಿದೆ. ನೀನು ಏನು ಹೇಳುತ್ತೀ ಎಂಬುದು ಮಾತ್ರ ಎರಡು ಕಾಗದಗಳಿಂದ ತಿಳಿದಿಲ್ಲ. ನೀನು ಹವೆಯ ಬಗ್ಗೆ ಬರೆಯುತ್ತೀ, ಸೀರೆಯ ಬಣ್ಣದ ಬಗ್ಗೆ ಬರೆಯುತ್ತೀ. ಮಗಳೇ, ಮೆರವಣಿಗೆಯಲ್ಲಿ ನಮ್ಮ ಕಡೆ ಕಲ್ಲೆಸೆದವರಿಗಿಂತ ಮನೆಯ ಬಾಗಿಲು ಅರ್ಧ ತೆರೆದು ಸುಮ್ಮನೆ ನಿಂತು ನೋಡಿದವರೇ ನನಗೆ ಹೆಚ್ಚು ನೆನಪಿದ್ದಾರೆ. ನೀನು ಅಂಥವಳಾಗಬೇಡ.

ಈ ಕಾಗದವನ್ನೂ ಎಲ್ಲರನ್ನೂ ಕೂರಿಸಿ ಗಟ್ಟಿಯಾಗಿ ಓದು. ಸ್ಟೌ ಉರಿಯುತ್ತಿದ್ದರೆ ಆರಿಸಿ ಓದು, ಐರಿನ್‌ಗೆ ಒಂದು ಮಾತೂ ತಪ್ಪಿಹೋಗಬಾರದು. ಅವಳ ಸೊಂಟನೋವಿಗೆ ಎಣ್ಣೆ ಕಾಯಿಸಿ ಇಟ್ಟಿದ್ದೇನೆ, ಬಂದಾಗ ನಾನೇ ಹಚ್ಚುತ್ತೇನೆ ಎಂದೂ ಹೇಳು. ಅಲೆಕ್ಸಾಂಡರನಿಗೆ ಅವನ ಅಕ್ಕನ ಪ್ರೀತಿ. ನಿನ್ನ ತಲೆಯ ಮೇಲೆ ನನ್ನ ಎರಡೂ ಕೈಗಳು, ದೂರದಿಂದಲೇ, ಈಗ ಸದ್ಯಕ್ಕೆ.

ನಿನ್ನ ಮಾಂಯ್,
ವೆರೊನಿಕಾ

ಮತ್ತೆ: ಕಾಗದ ಮಡಚುವ ಹೊತ್ತಾಯಿತು, ಮುಖ್ಯವಾದದ್ದೇ ಉಳಿಯಿತು. ನಿನ್ನೆ ಮಧ್ಯಾಹ್ನ ಆಸಿಯಮ್ಮ ಬುಟ್ಟಿ ಇಳಿಸಿದಳು. ಮಗಳಿಗೆ ಯಾವ ಅಳತೆ ಎಂದು ಕೇಳಿದಳು. ಮಗಳದು ಅವಳ ಸೋದರಮಾವ ತೊಡಿಸುತ್ತಾನೆ, ನನ್ನ ಅಳತೆ ನೋಡು ಎಂದೆ. ಅವಳು ಒಮ್ಮೆ ನನ್ನ ಮುಖ ನೋಡಿ, "ಎಂತ ನಾಚಿಕೆ, ಕೈ ಚಾಚು. ಯಾರ ಗಂಡ ಇದ್ದಾನೆ, ಯಾರ ಗಂಡ ಇಲ್ಲ ಅಂತ ಗಾಜಿಗೆ ಗೊತ್ತುಂಟಾ?" ಎಂದಳು. ಹಂಚು ಹೊತ್ತು ಗೆಣ್ಣು ದಪ್ಪವಾಗಿವೆ. ಎರಡು ಒಡೆದವು, ಅವು ನಿನ್ನ ಡಬ್ಬಿಗೆ ಹೋದವು. ಈಗ ಎಡಗೈಯಲ್ಲಿ ಆರು, ಬಲಗೈಯಲ್ಲಿ ಆರು, ಹಸಿರು. ಬರೆಯುವಾಗ ಮಣೆಗೆ ತಾಗುತ್ತವೆ, ಅದಕ್ಕೇ ಅಕ್ಷರ ಸೊಟ್ಟವಾಗಿದೆ. ಬಸ್ಸಿನಿಂದ ಇಳಿಯುವಾಗ ಮೊದಲು ನನ್ನ ಕೈ ನೋಡು. ನಿನಗೆ ನಾಚಿಕೆಯಾದರೆ ಅಲ್ಲೇ ಹೇಳು, ನಾನು ಹಾಲಿನ ಪಾತ್ರೆ ಮುಟ್ಟುವುದಿಲ್ಲ. ಆದರೆ ಕೈಗಳನ್ನು ಸೆರಗಿನೊಳಗೆ ಅಡಗಿಸುವುದಿಲ್ಲ. ನಾಚಿಕೆಯಾಗದಿದ್ದರೆ ಏನೂ ಹೇಳಬೇಡ, ನಿನ್ನ ಟ್ರಂಕಿನ ಒಂದು ಬದಿ ನನ್ನ ಕೈಗೆ ಕೊಡು. ಕಾಪು ಬಸ್ ಸ್ಟ್ಯಾಂಡಿನಲ್ಲಿ ಇರುತ್ತೇನೆ, ಜನವರಿ ಮೂರು, ಶುಕ್ರವಾರ, ಬೆಳಗ್ಗೆ ಹನ್ನೊಂದು ಗಂಟೆಗೆ.