ಒಪ್ಪದ ಮೈಯವರ ಪರವಾಗಿ

ಬಾಗಲಕೋಟೆ, ಹಿನ್ನೀರ ದಂಡೆ
ಕ್ರಿ.ಶ. 2187, ಫೆಬ್ರುವರಿ 30

ನಮಗಿಂತ ಮೊದಲು ಬದುಕಿದವರಿಗೆ,

ಮೇಲಿನ ತಾರೀಖು ನೋಡಿ ಇದು ಯಾರದೋ ಕುಚೇಷ್ಟೆಯೆಂದು ಕಾಗದವನ್ನು ಬದಿಗಿಡಬೇಡಿ. ನಿಮ್ಮ ಕಾಲದಲ್ಲಿ ಫೆಬ್ರುವರಿಗೆ ಆದ ಅನ್ಯಾಯವನ್ನು ನಮ್ಮ ಅಜ್ಜಂದಿರು ಸರಿಪಡಿಸಿದರು. ದೊಡ್ಡ ತಿಂಗಳುಗಳಿಂದ ಎರಡು ದಿನ ಕಿತ್ತು ಅದಕ್ಕೆ ಕೊಟ್ಟರು. ನನ್ನ ಕೆಲವು ಮಾತುಗಳೂ ನಿಮಗೆ ಹೊಸವೆನಿಸಬಹುದು. ಬಂದಲ್ಲಿ ಬಿಡಿಸಿ ಹೇಳುತ್ತೇನೆ, ಒರಟಾಗಿ ಕೇಳಿಸಿದರೆ ಕ್ಷಮಿಸಿ. ಮಾತಿಗಷ್ಟೇ ಈ ಕ್ಷಮೆ. ಮಾಡಿದ ಕೆಲಸಕ್ಕೆ ವೈದ್ಯರ ಪರವಾನಗಿ, ಕಾಯ್ದೆ ನೋಡಿಕೊಳ್ಳುವ ಮಂಡಳಿಯ ಮುಂದೆಯೂ ನಾನು ಕ್ಷಮೆ ಕೇಳಲಿಲ್ಲ, ನಿಮ್ಮ ಮುಂದೆಯೂ ಕೇಳುವುದಿಲ್ಲ.

ನನ್ನ ಹೆಸರು ಇಂದುಮತಿ ಬಾರಕೇರ. ಹೋದ ವರ್ಷದವರೆಗೆ ಇಲ್ಲಿನ ಆಸ್ಪತ್ರೆಯಲ್ಲಿ ಮರುಪಾಲಕಿಯಾಗಿದ್ದೆ. ಹೊಸ ಅಂಗ ಹಾಕಿಸಿಕೊಂಡವರನ್ನು ಶಸ್ತ್ರಕ್ರಿಯೆಯ ನಂತರ ಬದುಕಿರುವಷ್ಟು ಕಾಲ ನೋಡಿಕೊಳ್ಳುವ ವೈದ್ಯರನ್ನು ನಾವು ಹಾಗೆ ಕರೆಯುತ್ತೇವೆ. ನಮ್ಮಲ್ಲಿ ಪ್ರತಿ ಜಿಲ್ಲೆಗೊಂದು ಬೆಳೆಮನೆ ಇದೆ. ಅಲ್ಲಿ ರೋಗಿಯ ಮೈಯಿಂದಲೇ ಜೀವಕಣ ತೆಗೆದು, ಗಾಜಿನ ಗಡಿಗೆಯ ಉಪ್ಪುನೀರಿನಲ್ಲಿ ಅವರದೇ ಮೂತ್ರಪಿಂಡ, ಅವರದೇ ಯಕೃತ್ತು ಬೆಳೆಸುತ್ತಾರೆ. ಮನೆಯವರು ಉರಿಹೊತ್ತು ಇಳಿದ ಮೇಲೆ ಗಡಿಗೆ ನೋಡಲು ಬರುತ್ತಾರೆ. ಉರಿಹೊತ್ತೆಂದರೆ ನಡುಹಗಲಿನಲ್ಲಿ ಯಾರೂ ಹೊರಗೆ ಕಾಲಿಡಬಾರದ ಸಮಯ; ಅದು ಶುರುವಾದಾಗಲೊಮ್ಮೆ, ಮುಗಿದಾಗಲೊಮ್ಮೆ ಊರಿನ ಸೈರನ್ ಕೂಗುತ್ತದೆ. ಮುದುಕಿಯರು ಗಡಿಗೆಗೆ ಅರಿಶಿನ ಕುಂಕುಮ ಹಚ್ಚಿ, ಒಳಗೆ ಹುರುಳಿಕಾಳಿನಷ್ಟಿರುವುದನ್ನು ತೋರಿಸಿ ಯಾರನ್ನು ಹೋಲುತ್ತದೆಂದು ಜಗಳವಾಡುತ್ತಾರೆ. ಹೀಗೆ ಬೆಳೆದ ಅಂಗವನ್ನು ಹೆಚ್ಚಿನವರ ಮೈ ಒಪ್ಪಿಕೊಳ್ಳುತ್ತದೆ. ಅವರಿಗೆ ಮಾತ್ರೆ ಬೇಕಿಲ್ಲ, ನಾನೂ ಬೇಕಿಲ್ಲ.

ಆದರೆ ಕೆಲವರ ಮೈ ತನ್ನಿಂದಲೇ ಬೆಳೆದದ್ದನ್ನೂ ಒಪ್ಪುವುದಿಲ್ಲ. ಗಡಿಗೆಯ ಅಂಗ ಅವರೊಳಗೆ ಕೆಲವೇ ತಿಂಗಳಲ್ಲಿ ಕರಗಿಹೋಗುತ್ತದೆ. ವಿಚಿತ್ರವೆಂದರೆ ಬೇರೊಬ್ಬ ಮನುಷ್ಯನೊಳಗೆ ಬೆಳೆದು ಗಟ್ಟಿಯಾದ ಅಂಗ ಅವರಲ್ಲಿ ಉಳಿಯುತ್ತದೆ, ಔಷಧ ಕೊಟ್ಟು ಕಾಯ್ದರೆ. ಹಳೆಯ ಕಾಲದ ಕೆಲವೇ ರೋಗಿಗಳ ದಾಖಲೆ ಆಧರಿಸಿದ ನನ್ನ ಸಂಶೋಧನೆ ಇದರ ಮೇಲೆಯೇ ಇತ್ತು. ಮಂಡಳಿ ಅದನ್ನು ಓದಿ, ರೋಗಿಗಳ ಸಂಖ್ಯೆ ಸಾಲದೆಂದು ಹಿಂದಿರುಗಿಸಿತ್ತು. ಸಂಖ್ಯೆ ಹೇಗೆ ಬೆಳೆದೀತು? ಮನುಷ್ಯನಿಂದ ಮನುಷ್ಯನಿಗೆ ಅಂಗ ಕೊಡುವುದನ್ನು ಅಖಂಡ ದೇಹ ಕಾಯ್ದೆ ನನ್ನ ಅಜ್ಜಿಯ ಕಾಲದಲ್ಲೇ ನಿಷೇಧಿಸಿದೆ. ಬಡವರು ಮೈ ಮಾರಿಕೊಳ್ಳಬಾರದೆಂಬ ಒಳ್ಳೆಯ ಉದ್ದೇಶದಿಂದ ಹುಟ್ಟಿದ ಕಾಯ್ದೆ ಅದು. ಬೆಳೆಮನೆ ಬಂದ ಮೇಲೆ ಅದು ಯಾರನ್ನು ಕೊಲ್ಲುತ್ತಿದೆಯೆಂದು ಯಾರೂ ತಿರುಗಿ ನೋಡಲಿಲ್ಲ.

ಮೆಹಬೂಬಿ ನದಾಫ ಇಳಕಲ್ಲಿನಿಂದ ಬಂದ ಸೀರೆ ನೇಯುವ ಹೆಂಗಸು. ಎರಡು ಸಲ ಗಡಿಗೆಯ ಮೂತ್ರಪಿಂಡ ಹಾಕಿಸಿಕೊಂಡು ಎರಡನ್ನೂ ಕಳೆದುಕೊಂಡಿದ್ದಳು. ರಕ್ತ ತೊಳೆಯುವ ಯಂತ್ರದ ಪಕ್ಕದಲ್ಲಿ ಮಲಗಿ ಮಲಗಿ ಅವಳ ತೋಳಿನ ನರಗಳು ಹಗ್ಗದಂತೆ ಎದ್ದಿದ್ದವು. ಇನ್ನು ಚುಚ್ಚಲು ಜಾಗ ಉಳಿದಿರಲಿಲ್ಲ. ಅವಳನ್ನು ಆ ದಂಡೆಯಿಂದ ಈ ದಂಡೆಗೆ ಪ್ರತಿ ಸಲ ದಾಟಿಸುತ್ತಿದ್ದವಳು ದೋಣಿ ನಡೆಸುವ ತುಳಸವ್ವ. ಕಾಯುವ ಹೊತ್ತಿನಲ್ಲಿ ದೋಣಿ ಕಟ್ಟಿ ತಾನೂ ವಾರ್ಡಿಗೆ ಬಂದು, ರೊಟ್ಟಿ ಬುತ್ತಿ ಬಿಚ್ಚಿ, ಉಪ್ಪಿಲ್ಲದ ಪಲ್ಯ ತಿನ್ನಬೇಕಾದ ಮೆಹಬೂಬಿಯ ಎದುರಿಗೇ ಶೇಂಗಾ ಚಟ್ನಿ ತಿನ್ನುತ್ತ ಅವಳನ್ನು ಕಾಡುತ್ತಿದ್ದಳು.

ಒಂದು ದಿನ ತುಳಸವ್ವ ನನ್ನನ್ನು ಕರೆದು ಕೇಳಿದಳು: "ಡಾಕ್ಟರಬಾಯಿ, ಈಕಿಗೆ ಮನಶ್ಯಾನ ಕಿಡ್ನಿ ಹತ್ತತೈತಿ ಅಂತೀರಲ್ಲ, ನಂದು ಹತ್ತತೈತೇನ ನೋಡ್ರಿ."

"ಕಾಯ್ದೆ ಬಿಡೂದಿಲ್ಲ, ತುಳಸವ್ವ."

"ಕಾಯ್ದೆ ಮಾತು ಯಾರ್ ಕೇಳಿದ್ರು? ಹತ್ತತೈತೋ ಇಲ್ಲೋ, ಅಷ್ಟ ಹೇಳ್ರಿ."

ರಕ್ತ ಹೊಂದಿಸಿ ನೋಡುವುದಕ್ಕೆ ಯಾವ ಕಾಯ್ದೆಯೂ ಅಡ್ಡ ಬರುತ್ತಿರಲಿಲ್ಲ. ನೋಡಿದೆ. ಹೊಂದುತ್ತಿತ್ತು. ತುಳಸವ್ವ ಅಂದಿನಿಂದ ದೋಣಿ ಹತ್ತಿದವರಿಗೆಲ್ಲ ಹೇಳತೊಡಗಿದಳು: ನಾ ಸತ್ತ ಮ್ಯಾಲ ನನ್ನ ಕಿಡ್ನಿ ಮೆಹಬೂಬಿಗೆ. ಮೆಹಬೂಬಿಗೆ ಇದು ನಾಚಿಕೆ. "ನೀ ಸಾಯೂದು ಕಾಯ್ಕೊಂತ ಕುಂಡರ್ಬೇಕೇನ ನಾ?" ಎಂದು ಬೈಯುತ್ತಿದ್ದಳು. "ಕುಂಡ್ರಬ್ಯಾಡ. ಮಗ್ಗಕ್ಕ ಹೋಗು. ನಾ ಇಷ್ಟರಾಗ ಸಾಯೂದಿಲ್ಲ" ಎಂದು ತುಳಸವ್ವ ನಗುತ್ತಿದ್ದಳು.

ಕಾರಹುಣ್ಣಿಮೆ ಕಳೆದ ವಾರ ಒಂದು ಮುಂಜಾನೆ ದೋಣಿಯ ಹಗ್ಗ ಬಿಚ್ಚುತ್ತ ತುಳಸವ್ವ ಅಲ್ಲಿಯೇ ಕುಸಿದಳು. ತಲೆಯಲ್ಲಿ ರಕ್ತನಾಳ ಒಡೆದಿತ್ತು. ಆಸ್ಪತ್ರೆಗೆ ತಂದಾಗ ಉಸಿರಾಟದ ಯಂತ್ರ ಎದೆಯನ್ನು ಏರಿಳಿಸುತ್ತಿತ್ತು, ಅಷ್ಟೇ. ಮೆದುಳು ಪೂರ್ತಿ ನಿಂತಿದೆಯೆಂದು ಹೇಳಿದವರು ನಾವಲ್ಲ. ಮೆಹಬೂಬಿಯ ಹೆಸರು ಕೂಡ ಕೇಳಿರದ ಇಬ್ಬರು ವೈದ್ಯರು ಬೇರೆ ಬೇರೆಯಾಗಿ ಪರೀಕ್ಷಿಸಿ ಹೇಳಿದರು. ನಿಮ್ಮ ಕಾಲದ ಆ ನಿಯಮವನ್ನು ನಾವು ಒಂದಿಂಚೂ ಸಡಿಲಿಸಲಿಲ್ಲ. ಯಾವ ಕಾಯ್ದೆ ಮುರಿಯಬೇಕು, ಯಾವುದನ್ನು ಮುರಿಯಬಾರದು ಎಂಬುದು ನಮಗೆ ಗೊತ್ತಿತ್ತು.

ತುಳಸವ್ವನ ಮಗ ಮುತ್ತಣ್ಣ ದೋಣಿಯ ಮೋಟಾರು ರಿಪೇರಿ ಮಾಡುವವನು. ಅಂಗೈಯ ಎಣ್ಣೆ ತೊಳೆಯದೆಯೇ ಓಡಿ ಬಂದಿದ್ದ. ಬೆಳಕು ಚೆನ್ನಾಗಿದ್ದ ಕಿಟಕಿಯ ಬಳಿ ಅವನನ್ನು ಕೂರಿಸಿ ಎಲ್ಲವನ್ನೂ ಹೇಳಿದೆ. ಅವ್ವ ಇನ್ನು ಏಳುವುದಿಲ್ಲವೆಂಬುದನ್ನು ಮೊದಲು ಹೇಳಿ, ಅದು ಅವನೊಳಗೆ ಇಳಿಯಲು ಬಿಟ್ಟೆ. ಆಮೇಲೆ ಉಳಿದದ್ದನ್ನು ಕೇಳಿದೆ.

"ಅವ್ವನ ಮೈ ಕೊಯ್ಯಾಕ ಹ್ಞೂಂ ಅಂದ್ರ ನನ್ನ ಜೇಲಿಗೆ ಹಾಕ್ತಾರೇನ್ರಿ?" ಅಂದ.

"ಹಾಕಬಹುದಪಾ. ನಾ ಅಂತೂ ತಪ್ಪಿಸ್ಕೊಳ್ಳೂದಿಲ್ಲ. ನೀ ಒಲ್ಲೆ ಅಂದ್ರ ಇಲ್ಲಿಗೇ ಬಿಡ್ತೀನಿ. ಯಾರೂ ನಿನ್ನ ಒಂದ್ ಮಾತು ಅನ್ನೂದಿಲ್ಲ."

ಅವನು ಎದ್ದು ಹೋಗಿ ತಾಯಿಯ ಪಾದ ಹಿಡಿದುಕೊಂಡ. ಕೊನೆಗೆ, "ಆಕಿ ಹೇಳಿದ ಮಾತು ನಾ ಯಾವದರಾಗೂ ಕೇಳಲಿಲ್ರಿ. ಮದವಿ ಒಲ್ಲೆ ಅಂದೆ, ದೋಣಿ ನಡಸೂದು ಒಲ್ಲೆ ಅಂದೆ. ಇದೊಂದರಾಗ ಆಕಿ ಮಾತು ನಡೀಲಿ" ಅಂದ.

ಶಸ್ತ್ರವೈದ್ಯ ಸದಾನಂದ ಪತ್ತಾರ ಗಡಿಗೆಯ ಅಂಗಗಳನ್ನು ಕೂರಿಸಿ ಪಳಗಿದ ಕೈಯವರು. ಮನುಷ್ಯರ ಮೈಯಿಂದ ತೆಗೆದವರಲ್ಲ. ನಾನು ಕೇಳಿದಾಗ ಒಂದೇ ಮಾತು ಹೇಳಿದರು: "ಕದ್ದು ಮಾಡೂದಾದ್ರ ನಾ ಬರೂದಿಲ್ಲ." ಆದ್ದರಿಂದ ಮಂಡಳಿಗೆ ನಾವೇ ಸುದ್ದಿ ಕಳಿಸಿ, ಆಸ್ಪತ್ರೆಯ ಬಾಗಿಲು ತೆರೆದಿಟ್ಟು, ಹಗಲಿನಲ್ಲೇ ಶಸ್ತ್ರಕ್ರಿಯೆ ಮಾಡಿದೆವು. ಶುರುಮಾಡುವ ಮುನ್ನ ಎಲ್ಲರೂ ತುಳಸವ್ವನಿಗೆ ಕೈಮುಗಿದೆವು. ಒಂದು ಮೂತ್ರಪಿಂಡ ಮೆಹಬೂಬಿಯೊಳಗೆ ಕುಳಿತು, ರಕ್ತ ಹರಿದೊಡನೆ ಗುಲಾಬಿ ಬಣ್ಣಕ್ಕೆ ತಿರುಗಿತು. ಇನ್ನೊಂದನ್ನು ತೆಗೆದುಕೊಳ್ಳಲು ಯಾವ ಊರಿನ ಯಾವ ಆಸ್ಪತ್ರೆಯೂ ಧೈರ್ಯ ಮಾಡಲಿಲ್ಲ. ಅದಕ್ಕಾಗಿ ಕಾಯುತ್ತಿದ್ದವರ ಹೆಸರುಗಳು ನನಗೆ ಬಾಯಿಪಾಠವಿದ್ದವು. ಅದು ತುಳಸವ್ವನ ಜೊತೆಗೇ ಮಣ್ಣಿಗೆ ಹೋಯಿತು. ಆ ಸಿಟ್ಟು ನನ್ನಲ್ಲಿ ಇನ್ನೂ ಆರಿಲ್ಲ, ಆರಲೂ ಬಾರದು.

ಮಂಡಳಿಯವರು ಬಂದು ನಮ್ಮನ್ನು ಹಿಡಿದೊಯ್ಯುತ್ತಾರೆಂದು ಕಾದೆವು. ಅವರು ಅದಕ್ಕಿಂತ ಸುಲಭದ ದಾರಿ ಹಿಡಿದರು. ಮೆಹಬೂಬಿಯ ಮೈ ಆ ಅಂಗವನ್ನು ಹೊಡೆದುಹಾಕದಂತೆ ತಡೆಯುವ ಔಷಧವನ್ನು ಮನುಷ್ಯರಿಗೆ ಕೊಡಬಾರದೆಂದು ಒಂದು ಆದೇಶ ಹೊರಡಿಸಿದರು, ಅಷ್ಟೇ. ನಾವು ಕೂಡಿಟ್ಟಿದ್ದು ಕೆಲವೇ ದಿನಕ್ಕೆ ಸಾಕಾಗುವಷ್ಟಿತ್ತು. ಅಂಗ ಕೊಡುವುದು ಒಂದು ದಿನದ ದೊಡ್ಡತನ. ಅದನ್ನು ಉಳಿಸುವುದು ದಿನದಿನದ ದುಡಿಮೆ. ಮಂಡಳಿಗೆ ಅದು ಗೊತ್ತಿತ್ತು. ತುಳಸವ್ವನನ್ನು ಎರಡನೇ ಸಲ ಸಾಯಿಸುವುದಕ್ಕೆ ಚಾಕು ಬೇಕಾಗಿರಲಿಲ್ಲ.

ಆಗ ನನಗೆ ಹೊಳೆದದ್ದು ನಮ್ಮ ಪಶುವೈದ್ಯ ಈರಣ್ಣ ಕಮ್ಮಾರ. ಅದೇ ಔಷಧವನ್ನು ನಾಯಿಗಳ ಚರ್ಮರೋಗಕ್ಕೆ ಇನ್ನೂ ಕೊಡುತ್ತಿದ್ದರು. ನಿಮ್ಮ ಕಾಲದಲ್ಲೂ ಕೊಡುತ್ತಿದ್ದಿರಂತೆ. ನಾನು ಕೇಳಿದಾಗ ಈರಣ್ಣ ಕಪಾಟಿನ ಬೀಗ ತೆಗೆದು, "ನಾಯಿ ಹೆಸರು ಏನ ಬರೀಲಿ?" ಅಂದ. ಮೆಹಬೂಬಿಗೆ ವಿಷಯ ತಿಳಿಸಲು ನನಗೆ ಸಂಕೋಚವಾಯಿತು. ಅವಳು ಮಾತ್ರೆ ನುಂಗಿ, ನೀರು ಕುಡಿದು, "ನಾಯಿ ಔಷಧ ಆದ್ರ ಏನಾತ್ರಿ, ಮಂಡಳ್ಯಾರಕಿಂತ ನಾಯಿ ನಿಯತ್ತಿನ್ವು" ಅಂದಳು.

ಎಷ್ಟು ಕೊಡಬೇಕು, ರಕ್ತದಲ್ಲಿ ಎಷ್ಟಿದ್ದರೆ ಸರಿ, ಯಾವಾಗ ಹೆದರಬೇಕು: ಇದನ್ನೆಲ್ಲ ಹೇಳಿಕೊಟ್ಟವರು ನೀವು. ನಿಮ್ಮ ಕಾಲದ ಸಂಶೋಧಕರು ರೋಗಿಗಳನ್ನು ವರ್ಷಗಟ್ಟಲೆ ಬಿಡದೆ ಹಿಂಬಾಲಿಸಿ ಪ್ರಕಟಿಸಿದ್ದು ಎಲ್ಲರಿಗೂ ಓದಲು ಸಿಗುತ್ತದೆ. ನಮ್ಮವರು ಓದುವುದನ್ನು ಬಿಟ್ಟಿದ್ದರು. ಚಕ್ಕೋತ ಹಣ್ಣು ತಿಂದರೆ ಈ ಔಷಧ ರಕ್ತದಲ್ಲಿ ಏರಿ ವಿಷವಾಗುತ್ತದೆಂದು ನಾನು ಅಲ್ಲಿಂದಲೇ ಕಲಿತೆ, ಮೆಹಬೂಬಿಯ ಅಂಗಳದಲ್ಲಿ ಚಕ್ಕೋತದ ಗಿಡವೇ ಇತ್ತು. ಮಳೆಗಾಲದ ನಡುವೆ ಅವಳಿಗೆ ಜ್ವರ ಬಂದು, ಕಾಲು ಬಾತು, ಮೂತ್ರ ಕಡಿಮೆಯಾದಾಗ ಇದು ಸೋಂಕೋ, ಅಂಗವನ್ನು ಮೈ ತಿರಸ್ಕರಿಸುತ್ತಿರುವುದೋ ಎಂದು ನಾನು ಗಾಬರಿಯಾದೆ. ಒಂದಕ್ಕೆ ಔಷಧ ಇಳಿಸಬೇಕು, ಇನ್ನೊಂದಕ್ಕೆ ಏರಿಸಬೇಕು. ತಪ್ಪಿದರೆ ಸಾವು. ನಿಮ್ಮವರು ಹೇಳಿದಂತೆ ಅಂಗದ ಒಂದು ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಅದು ತಿರಸ್ಕಾರವೇ. ಔಷಧ ಏರಿಸಿದೆ. ಮೆಹಬೂಬಿ ಮತ್ತೆ ಮಗ್ಗದ ಮೇಲೆ ಕುಳಿತಳು.

ಅಷ್ಟರಲ್ಲಿ ಔಷಧ ಎಲ್ಲಿಂದ ಬರುತ್ತಿದೆಯೆಂದು ಮಂಡಳಿಗೆ ತಿಳಿಯಿತು. ನಾಯಿಯನ್ನು ಕಣ್ಣಾರೆ ನೋಡದೆ ಔಷಧ ಕೊಡಕೂಡದೆಂದು ಈರಣ್ಣನಿಗೆ ಹೇಳಿದರು. ಮರುದಿನದಿಂದ ಊರಿನ ನಾಯಿಗಳಿಗೆಲ್ಲ ಒಮ್ಮೆಲೇ ತುರಿಕೆ ಹತ್ತಿತು. ಮುತ್ತಣ್ಣನ ದೋಣಿಯಲ್ಲಿ (ಅವನೀಗ ದೋಣಿ ನಡೆಸುತ್ತಾನೆ) ಹಗ್ಗ ಕಟ್ಟಿದ ಬೀದಿನಾಯಿಗಳು ಸಾಲಾಗಿ ಕುಳಿತು ಪಶುವೈದ್ಯರಲ್ಲಿಗೆ ಬಂದವು. ಮಂಡಳಿಯ ಪಹರೆಯವನು ಒಂದೊಂದನ್ನೂ ನೋಡಿ, ಹ್ಞೂಂ, ತುರಿಕೆ ಐತಿ, ಎಂದು ಒಳಗೆ ಬಿಟ್ಟ. ಅವನ ತಂಗಿಯೂ ಒಪ್ಪದ ಮೈಯವಳೆಂದು ನಮಗೆ ತಿಳಿದದ್ದು ಆಮೇಲೆ.

ವಿಚಾರಣೆಯ ದಿನ ಮಂಡಳಿಯ ಅಧಿಕಾರಿ ವಸುಂಧರಾ ಹೆಬಸೂರ ನಮ್ಮನ್ನು ಎದುರಿಗೆ ಕೂರಿಸಿಕೊಂಡರು. ಕೆಟ್ಟವರಲ್ಲ. ಮೈ ಮಾರಿಕೊಂಡವರ ಕಥೆಗಳನ್ನು ಅಜ್ಜನಿಂದ ಕೇಳಿ ಬೆಳೆದವರು. "ಬಾಗಿಲು ಒಮ್ಮೆ ತೆರೆದರೆ ನಾಳೆ ದುಡ್ಡಿದ್ದವರು ಒಳಗೆ ನುಗ್ಗುತ್ತಾರೆ, ಡಾಕ್ಟರ್. ನಿಮ್ಮ ರೋಗಿಯಂಥವರು ಸಾವಿರಕ್ಕೆ ಒಬ್ಬರೂ ಇಲ್ಲ. ಒಬ್ಬರಿಗಾಗಿ ಎಲ್ಲರ ರಕ್ಷಣೆಯನ್ನು ತೆಗೆಯಲಾಗದು" ಅಂದರು.

ನಾನು ಉತ್ತರಿಸುವ ಮೊದಲೇ ಮೆಹಬೂಬಿ ಎದ್ದು ನಿಂತಳು. "ಬಾಯಾರ, ನೀವು ಅನ್ನೂ ಆ ಒಬ್ಬಾಕಿ ನಾನ. ಇಲ್ಲೇ ನಿಂತೀನಿ. ನನ್ನ ಮಾರಿ ನೋಡಿ ಹೇಳ್ರಿ, ಸಾಯಿ ಅಂತ."

"ಸಾಯಿ ಅಂತ ಯಾರೂ ಹೇಳಿಲ್ಲಮ್ಮ."

"ಔಷಧ ಕೊಡಬ್ಯಾಡ್ರಿ ಅಂದ್ರ ಅದ ಅರ್ಥರೀ. ತುಳಸವ್ವ ನನ್ನಿಂದ ಒಂದ್ ಪೈಸಾ ತಗೊಳ್ಳಲಿಲ್ಲ. ಬುತ್ತಿ ಉಂಡು ಹೋದಂಗ ಹೋದ್ಳು. ಮಾರೂದನ್ನ ಬ್ಯಾಡ ಅನ್ರಿ, ಕೈ ಮುಗೀತೀನಿ. ಕೊಡೂದನ್ನ ಬ್ಯಾಡ ಅನ್ನಾಕ ನೀವ್ಯಾರು?"

ವಸುಂಧರಾ ಅವಳ ಮುಖ ನೋಡಿ, ಕಡತ ಮುಚ್ಚಿ ಎದ್ದರು. ತೀರ್ಪು ಸಂಜೆ ಬಂತು. ನನ್ನ ಪರವಾನಗಿ ರದ್ದು. ಸದಾನಂದರಿಗೆ ಶಸ್ತ್ರಕ್ರಿಯೆ ನಿಷೇಧ. ಮುತ್ತಣ್ಣನ ಮೇಲೆ ಕ್ರಮವಿಲ್ಲ. ಮೆಹಬೂಬಿಗೆ ಔಷಧ ಕೊಡುವ ವಿಷಯದಲ್ಲಿ, ಹಳೆಯ ಆದೇಶ ಇನ್ನು ನಡೆಯುತ್ತದೋ ಇಲ್ಲವೋ ಎಂಬುದರಲ್ಲಿ, ತೀರ್ಪು ಮೌನವಾಗಿತ್ತು. ಬೇಡವೆಂದು ಬರೆಯಲು ವಸುಂಧರಾ ಅವರಿಗೆ ಕೈ ಬರಲಿಲ್ಲವೆಂದು ನಾನು ತಿಳಿದಿದ್ದೇನೆ. ಈರಣ್ಣನ ಔಷಧ ಹಿಡಿದು, ಆ ಮೌನದೊಳಗೆ ನಾವು ಕಾಲಿಟ್ಟು ನಿಂತಿದ್ದೇವೆ.

ಈಗ ನನ್ನ ಮನೆಯ ಪಡಸಾಲೆಯೇ ಮರುಪಾಲನೆಯ ಕೋಣೆ. ಮೆಹಬೂಬಿ ಬರುತ್ತಾಳೆ, ರಕ್ತ ಕೊಡುತ್ತಾಳೆ, ಸೀರೆಯ ಬಣ್ಣದ ಬಗ್ಗೆ ನನ್ನ ಅಭಿಪ್ರಾಯ ಕೇಳಿ ಅದನ್ನು ತಳ್ಳಿಹಾಕಿ ಹೋಗುತ್ತಾಳೆ. ಬೇರೆ ಊರುಗಳಿಂದ ಒಪ್ಪದ ಮೈಯವರು ಬರತೊಡಗಿದ್ದಾರೆ. ಅವರ ಹಿಂದೆ, ನಾವು ಕರೆಯದೆಯೇ, ಕೊಡುತ್ತೇವೆನ್ನುವವರೂ ಬರುತ್ತಿದ್ದಾರೆ. ನನ್ನ ಸಂಶೋಧನೆಗೆ ಸಂಖ್ಯೆ ಸಾಲದೆಂದವರಿಗೆ ಮುಂದಿನ ಸಲ ಜನರನ್ನೇ ಕರೆದುಕೊಂಡು ಹೋಗುತ್ತೇನೆ.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಕಾಲದಲ್ಲಿ ಕೊಡುವುದಕ್ಕೆ ಕಾಯ್ದೆ ಅಡ್ಡವಿಲ್ಲ. ಅಡ್ಡವಿರುವುದು ನಿಮ್ಮ ಮೌನ. ನಿಮ್ಮ ಇಚ್ಛೆಯನ್ನು ಮನೆಯಲ್ಲಿ ಊಟಕ್ಕೆ ಕುಳಿತಾಗ ಬಾಯಿಬಿಟ್ಟು ಹೇಳಿ, ನಿಮ್ಮವರು ಆಸ್ಪತ್ರೆಯ ಕಿಟಕಿಯ ಬಳಿ ಒಂಟಿಯಾಗಿ ತಡಕಾಡದಂತೆ. ಸಂಶೋಧಕರೇ, ಹೊಲಿಗೆ ಬಿಚ್ಚಿದ ದಿನಕ್ಕೆ ನಿಮ್ಮ ಅಧ್ಯಯನ ನಿಲ್ಲಿಸಬೇಡಿ. ಹತ್ತನೇ ವರ್ಷದ ರೋಗಿಯ ಮನೆಗೂ ಹೋಗಿ. ಎಷ್ಟೇ ಕಡಿಮೆ ಜನರಿದ್ದರೂ ಕಂಡದ್ದನ್ನು ಪ್ರಕಟಿಸಿ. ಅಂಗ ಪಡೆದವರೇ, ಪ್ರತಿ ಸಲ ತೋಳು ಚಾಚಿ ರಕ್ತ ಕೊಡುವಾಗ ಬೇಸರವಾದರೆ ನೆನಪಿಟ್ಟುಕೊಳ್ಳಿ: ಇನ್ನೂ ಹುಟ್ಟದ ಒಬ್ಬ ಹೆಂಗಸಿಗೆ ಅದು ಬೇಕಾಗಿದೆ.

ಸೈರನ್ ಕೂಗಿತು. ಉರಿಹೊತ್ತು ಇಳಿದಿದೆ, ಹೊರಗೆ ಜನ ಬಂದಿದ್ದಾರೆ. ಕಾಯ್ದೆ ಇನ್ನೂ ಹಾಗೆಯೇ ಇದೆ. ನಾವೂ ಹಾಗೆಯೇ ಇದ್ದೇವೆ.

ಇಂದುಮತಿ ಬಾರಕೇರ
ಪರವಾನಗಿ ಇಲ್ಲದ ಮರುಪಾಲಕಿ