ಬೈಯುವುದಾದರೆ ನಮ್ಮ ಭಾಷೆಯಲ್ಲೇ

ಗಲೇಸೊಂಗ್
9 ನವೆಂಬರ್ 2024

ನನ್ನ ಸೂರಿಗೆ,

ಅಸ್ಸಲಾಮು ಅಲೈಕುಮ್. ಬಾಲಿಕ್‌ಪಾಪನ್ನಿನಲ್ಲಿ ನೀನೂ ಅಳಿಯನೂ ಕ್ಷೇಮವಾಗಿರಲಿ. ಫೋನಿನಲ್ಲಿ ಹೇಳಹೊರಟರೆ ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಈ ಕಾಗದ.

ವಿಡಿಯೋದಲ್ಲಿ ಪಾತ್ರ ಮಾಡುವುದನ್ನು ನಾನು ಬಿಡಲಿಲ್ಲ ಮಗಳೇ. "ಸಾಕು ಮಾಡಮ್ಮ, ಇಲ್ಲಿ ಅತ್ತೆ ಮನೆಯವ್ರು ಫೋನಲ್ಲಿ ನಿನ್ನ ನೋಡಿ ನಗ್ತಾರೆ" ಎಂದು ರಂಜಾನಿನಲ್ಲಿ ನೀನು ಹೇಳಿದಾಗ ಹೂಂ ಅಂದಿದ್ದೆ. ಹಬ್ಬ ಮುಗಿದ ಮೇಲೆ ನಿನ್ನ ಸೋದರಮಾವನ ಮಗಳು ಇರ್ಮಾ ಫೋನು ಹಿಡಿದು ಅಡುಗೆಮನೆಗೆ ಬಂದಳು. ನಾನು ತಲೆವಸ್ತ್ರ ಸರಿಮಾಡಿಕೊಂಡು ನಿಂತೇಬಿಟ್ಟೆ. ಅವಳು ನನ್ನನ್ನು ಕರೆಯುವುದೂ ಅತ್ತೆ ಎಂದೇ, ಕೊಡುವ ಪಾತ್ರವೂ ಕೆಟ್ಟ ಅತ್ತೆಯದೇ.

ಮೀನು ಮಾರುವಾಗ ಹೆಂಗಸರು ದಾಯೆಂಗ್ ಎಂದು ಮರ್ಯಾದೆ ಕೊಡುತ್ತಲೇ ನನ್ನನ್ನು ಗದರುತ್ತಾರೆ. "ಆ ಸೊಸೇನ ಹಂಗೆ ಗೋಳು ಹೊಯ್ಕೊಂಡ್ರೆ ನಿಮ್ಮತ್ರ ಮೀನು ಯಾರು ತಗೋತಾರೆ, ದಾಯೆಂಗ್?" ಎನ್ನುತ್ತಾರೆ. ಆಮೇಲೆ ಹಾರುಮೀನು ಕೊಳ್ಳುತ್ತಾ, ಮುಂದಿನ ವಾರ ಸೊಸೆ ತವರಿಗೆ ಹೋಗ್ತಾಳಾ ಎಂದು ಮೆಲ್ಲಗೆ ಕೇಳುತ್ತಾರೆ.

ಆಗಸ್ಟಿನಲ್ಲಿ ಜಕಾರ್ತದಿಂದ ಒಬ್ಬ ಬಂದ. ನಮ್ಮ ಕಥೆಯನ್ನು ದೊಡ್ಡ ಚಿತ್ರ ಮಾಡಿ ದೇಶಕ್ಕೆಲ್ಲ ತೋರಿಸುತ್ತಾರಂತೆ, ಆದರೆ ನಮ್ಮ ಮಕಾಸ್ಸರ್ ಮಾತು ಬೇಡವಂತೆ, ಎಲ್ಲರೂ ಜಕಾರ್ತದವರ ಹಾಗೆ ಮಾತಾಡಬೇಕಂತೆ. ಇರ್ಮಾ ಚಾಪೆ ನೋಡುತ್ತಾ ಕುಳಿತಳು. ಈ ವರ್ಷ ದಾರಿ ಕಾಣದಿದ್ದರೆ ಸಿಮೆಂಟ್ ಅಂಗಡಿಯಲ್ಲಿ ಕೂರಬೇಕೆಂದು ನಿನ್ನ ಸೋದರಮಾವ ಮೊದಲೇ ಅವಳಿಗೆ ಹೇಳಿಬಿಟ್ಟಿದ್ದ.

"ಒಪ್ಕೊಳ್ಳೇ, ಅವರ ಹಾಗೇ ಮಾತಾಡ್ತೀನಿ" ಎಂದೆ ನಾನು. ಅಲ್ಲೇ ಒಮ್ಮೆ ಆಡಿ ತೋರಿಸಿದೆವು. ನಾನು ಜಕಾರ್ತದ ಮಾತಿನಲ್ಲಿ ಬೈದೆ, ಸೊಸೆಯ ಪಾತ್ರದ ಹುಡುಗಿ ಕಿಸಕ್ಕನೆ ನಕ್ಕಳು.

"ಯಾಕೇ?" ಎಂದೆ.

"ಅರ್ಜಿ ಓದಿದಂಗಿದೆ, ದಾಯೆಂಗ್."

ಅದೇ ಮಾತನ್ನು ನಮ್ಮ ಭಾಷೆಯಲ್ಲಿ ಆಡಿದೆ. ಹುಡುಗಿಯ ಕಣ್ಣು ತುಂಬಿತು. ಒಂದಕ್ಷರ ತಿಳಿಯದ ಜಕಾರ್ತದವನೂ ಕೈಯಲ್ಲಿದ್ದ ಲೋಟ ಕೆಳಗಿಟ್ಟ.

ಇರ್ಮಾ ಎದ್ದಳು. "ಬೇಡ ಅಣ್ಣ. ನಮ್ಮತ್ತೆ ಬೈಯೋದಾದ್ರೆ ನಮ್ಮ ಭಾಷೇಲೇ ಬೈಬೇಕು" ಎಂದಳು. ಅವನು ಹೋದ ಮೇಲೆ ಹುಚ್ಚಿ ಎಂದು ನಾನು ಬೈದೆ. ಅವಳು ನನ್ನ ಹೆಗಲಿಗೆ ಹಣೆ ಒತ್ತಿದಳು.

ಆಮೇಲೆ ನಾವೇ ಚಿತ್ರ ಮಾಡಿದೆವು. ಪಕ್ಕದ ಮನೆಯವರು ದೋಣಿ ಬಿಟ್ಟುಕೊಟ್ಟರು, ಹೆಂಗಸರು ಸರದಿಯ ಮೇಲೆ ಅಡುಗೆ ಮಾಡಿದರು. ನಮ್ಮ ಭಾಷೆಯ ಚಿತ್ರಕ್ಕೆ ಜನ ಬರುತ್ತಾರೋ ಇಲ್ಲವೋ ಎನ್ನುತ್ತಲೇ ಮಕಾಸ್ಸರಿನ ಚಿತ್ರಮಂದಿರದವನೊಬ್ಬ ಒಂದು ದಿನ ಕೊಟ್ಟ. ಕಳೆದ ಶನಿವಾರ ಊರೆಲ್ಲ ವ್ಯಾನು ಹತ್ತಿ ಹೋದೆವು. ಹೋಗುವಷ್ಟರಲ್ಲಿ ಟಿಕೆಟೇ ಇಲ್ಲ, ಸೂರಿ! ನಮ್ಮವರಲ್ಲಿ ಅರ್ಧ ಜನ ಮೆಟ್ಟಿಲ ಮೇಲೆ ಕೂತರು. ನನ್ನ ಮುಖ ಗೋಡೆಯಷ್ಟು ದೊಡ್ಡದಾಗಿ ಬಂತು. ನಾನು ಬೈದೆ, ಜನ ನಕ್ಕರು. ಕೊನೆಗೆ ಅದೇ ಜನ ಮೂಗೊರೆಸಿಕೊಂಡರು.

ನಿನ್ನ ಸೋದರಮಾವ ನನ್ನ ಪಕ್ಕದಲ್ಲಿದ್ದ. ದೀಪ ಹತ್ತಿದಾಗ ಆಚೆ ಕೂತ ಅಪರಿಚಿತನ ತೋಳು ಹಿಡಿದು, "ಇದನ್ನ ಮಾಡಿದ್ದು ನನ್ನ ಮಗಳು" ಎಂದ. ಅವನು ತಲೆಯಾಡಿಸಿದರೂ ಬಿಡದೆ, "ನನ್ನ ಸ್ವಂತ ಮಗಳು ಕಣಪ್ಪ" ಎಂದು ಇನ್ನೊಮ್ಮೆ ಹೇಳಿದ.

ಚಿತ್ರಮಂದಿರದವನು ಇನ್ನೊಂದು ವಾರ ಕೊಟ್ಟಿದ್ದಾನೆ. ನಿನ್ನೆ ಜಕಾರ್ತದವನ ಫೋನು ಬಂತು, ಚಿತ್ರ ಹೇಗಿದೆಯೋ ಹಾಗೇ ಬೇಕಂತೆ. ಇರ್ಮಾ ಯೋಚಿಸಿ ಹೇಳುತ್ತೇನೆ ಎಂದಳು. ಆ ಧಿಮಾಕು ನೋಡಿ ನನ್ನ ಹೊಟ್ಟೆ ತಣ್ಣಗಾಯಿತು.

ನಿನ್ನ ಅತ್ತೆ ಮನೆಯವರು ನಗಲಿ. ನಗಿಸುವುದೇ ಈಗ ನನ್ನ ಕಸುಬು.

ನಿನ್ನ ಅಮ್ಮ,
ದಾಯೆಂಗ್ ಬಾಜಿ

ಮರೆತಿದ್ದೆ: ಪ್ರತಿ ವಾರ ನಮ್ಮ ವಿಡಿಯೋದ ಕೆಳಗೆ ‘ಸಮುದ್ರಮಲ್ಲಿಗೆ’ ಎನ್ನುವ ಹೆಸರಿನಲ್ಲಿ ಯಾರೋ ಎಲ್ಲರಿಗಿಂತ ಮೊದಲು ಹೊಗಳಿ ಬರೆಯುತ್ತಾರೆ. ಹೋದ ತಿಂಗಳು, "ಅತ್ತೆ ಯಾಕೆ ‘ಜಜ್ಜಿ ಸುಟ್ಟ ಬಾಳೆಕಾಯಿ ಮೋರೆಯವಳೇ’ ಅಂತ ಬೈಯಲಿಲ್ಲ?" ಎಂದು ಕೇಳಿದ್ದರು. ಆ ಬೈಗುಳವನ್ನು ನಾನು ಲೋಕದಲ್ಲಿ ಒಬ್ಬಳಿಗೇ ಬೈದಿರುವುದು. ಶುಕ್ರವಾರದವರೆಗೆ ಚಿತ್ರ ಇರುತ್ತದೆ. ಬಾ, ನನ್ನ ಪಕ್ಕ ಕೂತು ನೋಡು.