ಕೆರೆ ಏರಿ ಸುತ್ತಿದ ಮೆರವಣಿಗೆ

೧೦.೫.೯೪, ಮಂಗಳವಾರ

ಕೂಗಿ ಕೂಗಿ ಗಂಟಲು ಇನ್ನೂ ಉರಿಯುತ್ತಿದೆ. ದಕ್ಷಿಣ ಆಫ್ರಿಕಾದಲ್ಲಿ ಕರಿಯರು ಅಧಿಕಾರಕ್ಕೆ ಬಂದರೆಂದು ಇವತ್ತು ಊರಲ್ಲಿ ಮೆರವಣಿಗೆ. ಬೋರ್ಡುಗಳನ್ನೆಲ್ಲ ಬರೆದವನು ನಾನು. ಹೊರಡುವಾಗ ಯಜಮಾನ ಶಿವಮಲ್ಲಪ್ಪ ನಗುತ್ತಲೇ ಹೇಳಿದರು: "ಮೇಷ್ಟ್ರೇ, ಮೆರವಣಿಗೆ ಗುಡಿ ಬೀದೀಲಿ ಓಯ್ತದೆ. ನಿಮ್ಮ ಕೇರಿಯೋರು ಕೆರೆ ಏರಿ ಮೇಲಿಂದ ಬಂದು ಗುಂಡ್ಲುಪೇಟೆ ಬಸ್ ನಿಲ್ಲೋ ತಾವ ಸೇರ್ಕಬುಡಿ."

ಹೋದೆ. ಥೂ, ಹೋದೆ! ಮೊದಲೇ ತಲುಪಿ, ಕಾದು ನಿಂತು, ಅವರು ಬಂದಾಗ "ವರ್ಣಭೇದಕ್ಕೆ ಧಿಕ್ಕಾರ" ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವನೂ ನಾನೇ. ಶಿವಮಲ್ಲಪ್ಪ ಚಪ್ಪಾಳೆ ತಟ್ಟಿದರು.

ಮನೆಗೆ ಬಂದರೆ ಅವ್ವ ಕೇಳಿದಳು: "ಆ ದೇಸದಲ್ಲಿ ಇನ್ಮೇಲೆ ನಮ್ಮಂತೋರು ಯಾವ ಬೀದೀಲಾದ್ರೂ ನಡೀಬೋದಂತಾ ಮಗ?"

"ಹೂಂ ಅವ್ವ."

"ಒಳ್ಳೇದಾಯ್ತು ಬುಡು. ಕಾಲ್ ತೊಳ್ಕಂಡು ಒಳೀಕ್ ಬಾ, ಏರಿ ಕೆಸ್ರು ಮೆತ್ಕಂಡದೆ."